ಕೌದಿಯ ಲೆಕ್ಕ

(ಹಳ್ಳಿಯೊಂದರಲ್ಲಿ ಹೆಣ್ಣುಮಕ್ಕಳ ಹೊಲಿಗೆ ವರ್ಗ ಆರಂಭವಾದ ದಿನ ಮಾಡಿದ ಭಾಷಣ)



ಈ ವರ್ಗವನ್ನು ಉದ್ಘಾಟಿಸಬೇಕೆಂದು ನಮ್ಮನ್ನು ಕರೆದಿದ್ದೀರಿ. ದೀಪ ಹಚ್ಚಿ, ಹಾರ ಹಾಕಿಸಿಕೊಂಡು, ನಾಲ್ಕು ಮಾತಾಡಿ ಬಸ್ಸು ಹತ್ತುವ ಉದ್ಘಾಟನೆ ನಮಗೆ ಒಗ್ಗದು. ಆದ್ದರಿಂದ ಬರುವಾಗ ಒಂದು ಪೊಟ್ಟಣ ಸೂಜಿ, ನಾಲ್ಕು ಉಂಡೆ ದಾರ, ಒಂದು ಹಳೆಯ ಧೋತರ, ಒಂದು ನೋಟುಬುಕ್ಕು ತಂದಿದ್ದೇವೆ. ಮೊದಲ ಮೂರು ವಸ್ತು ಏಕೆಂದು ನಿಮಗೆ ಹೇಳಬೇಕಾಗಿಲ್ಲ. ನೋಟುಬುಕ್ಕು ಏಕೆಂಬುದನ್ನು ಕೊನೆಗೆ ಹೇಳುತ್ತೇವೆ. ಈ ಭಾಷಣದ ತಿರುಳು ಅದರಲ್ಲೇ ಇದೆ.

ಮಾಸ್ತರಿಕೆ ಬಿಟ್ಟು ಪಕ್ಷದ ಕೆಲಸ ಹಿಡಿದವರು ಕೌದಿಯ ಬಗ್ಗೆ ಏನು ಹೇಳಿಯಾರು ಎಂದು ಕೆಲವರು ನಗುತ್ತಿರಬಹುದು. ನಗಿರಿ, ತಪ್ಪಿಲ್ಲ. ನಾವು ಕೌದಿ ಕಲಿತದ್ದು ಪುಸ್ತಕದಿಂದಲ್ಲ. ನಮ್ಮ ತಾಯಿ ದೊಡ್ಡವರ ಮನೆಗಳಿಗೆ ಕೌದಿ ಹೊಲಿದು ಕೊಡುತ್ತಿದ್ದಳು. ಬೇಸಿಗೆಯಲ್ಲಿ ಹೊಲದ ಕೆಲಸ ನಿಂತ ಮೇಲೆ ಪಡಸಾಲೆಯಲ್ಲಿ ಅರಿವೆ ಹಾಸಿಕೊಂಡು ಕೂಡ್ರುವಳು. ಸೂಜಿಗೆ ದಾರ ಪೋಣಿಸಿ ಕೊಡುವುದು ನಮ್ಮ ಪಾಲಿನ ಕೆಲಸ. ಒಂದು ಕೌದಿಗೆ ನಾಲ್ಕು ಸೇರು ಜೋಳವೋ, ಹಳೆಯ ಸೀರೆಯೊಂದೋ ಬರುತ್ತಿತ್ತು. ಅದು ಕೂಲಿಯೋ ದಾನವೋ ಎಂದು ಯಾರೂ ಕೇಳಲಿಲ್ಲ. ಮುಂದೆ ನಾವು ಮೆಟ್ರಿಕ್ ಮುಗಿಸಿ ಶಾಲೆಯಲ್ಲಿ ಮಕ್ಕಳಿಗೆ ಕಾಲ ಮತ್ತು ಕೆಲಸದ ಲೆಕ್ಕ ಕಲಿಸಿದೆವು. ಎಂಟು ಜನ ಗಂಡಸರು ಒಂದು ಗೋಡೆಯನ್ನು ಆರು ದಿನಗಳಲ್ಲಿ ಕಟ್ಟಿದರೆ ಹನ್ನೆರಡು ಜನ ಎಷ್ಟು ದಿನಗಳಲ್ಲಿ ಕಟ್ಟಿಯಾರು? ಇಂಥ ಲೆಕ್ಕ ನೂರಾರು ಮಾಡಿಸಿದೆವು. ಕೌದಿ ಹೊಲಿಯುವ ಹೆಂಗಸಿನ ಲೆಕ್ಕ ಆ ಪುಸ್ತಕದಲ್ಲಿ ಒಂದೂ ಇರಲಿಲ್ಲ. ಇಲ್ಲವಲ್ಲ ಎಂದು ನಮಗೂ ಆಗ ಹೊಳೆಯಲಿಲ್ಲ. ಆ ಬಾಕಿಯನ್ನು ಇಂದು ತೀರಿಸಬೇಕೆಂದಿದ್ದೇವೆ.

ಮೊದಲು ಕೆಲಸ ಕಲಿಯೋಣ, ಆಮೇಲೆ ಲೆಕ್ಕ ಮಾಡೋಣ.

ಇಲ್ಲಿರುವ ಹಿರಿಯರಿಗೆ ನಾವು ಕೌದಿ ಕಲಿಸಲು ಹೊರಟರೆ ಅದು ಮೀನಿಗೆ ಈಜು ಕಲಿಸಿದಂತೆ. ಆದರೆ ಹಿಂದಿನ ಸಾಲಿನಲ್ಲಿ ಕುಳಿತ ಹುಡುಗಿಯರಲ್ಲಿ ಅನೇಕರು ಸೂಜಿಯನ್ನು ಗುಂಡಿ ಹಚ್ಚಲು ಮಾತ್ರ ಹಿಡಿದವರು. ಅಂಗಡಿಯ ರಗ್ಗು ಬಂದ ಮೇಲೆ ಕೌದಿ ಅಟ್ಟ ಸೇರಿತು. ಆದ್ದರಿಂದ ಅವರಿಗಾಗಿ ಮೊದಲಿನಿಂದ ಹೇಳುತ್ತೇವೆ. ತಪ್ಪಿದರೆ ಹಿರಿಯರು ತಿದ್ದಲಿ.

ಕೌದಿಗೆ ಮೂರು ಅಂಗ. ಕೆಳಗೆ ಹಾಸುವ ಅಡಿಯ ಅರಿವೆ, ನಡುವೆ ಹೊಟ್ಟೆಯಂತೆ ತುಂಬುವ ಹಳೆಯ ಅರಿವೆಗಳು, ಮೇಲೆ ತುಂಡು ಜೋಡಿಸಿದ ಮುಖ. ಈ ಮೂರನ್ನೂ ಬಿಗಿಯುವುದು ಒಂದೇ ಒಂದು ಹೊಲಿಗೆ. ಸೂಜಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹೋಗುತ್ತ ಸಾಲಾಗಿ ಸಾಗುವ ಓಟದ ಹೊಲಿಗೆ. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆ. ಅವುಗಳಲ್ಲಿ ನೇಗಿ ಎಂಬುದು ಈ ಓಟದ ಹೊಲಿಗೆಯೇ. ಇದೊಂದನ್ನು ಸರಿಯಾಗಿ ಕಲಿತವಳಿಗೆ ಕಸೂತಿಯ ಬಾಗಿಲು ಅರ್ಧ ತೆರೆದಂತೆ.

ಹೊಸಬರು ಮೊದಲಿಗೇ ಹಾಸಿಗೆಯಷ್ಟು ದೊಡ್ಡ ಕೌದಿಗೆ ಕೈ ಹಾಕಕೂಡದು. ಅರ್ಧಕ್ಕೆ ಬೇಸರವಾಗಿ ಅದು ಮೂಲೆ ಸೇರುತ್ತದೆ. ತೊಟ್ಟಿಲ ಕೌದಿಯಿಂದ ಆರಂಭಿಸಿರಿ. ಉದ್ದ ೩ ಅಡಿ, ಅಗಲ ಎರಡೂಕಾಲು ಅಡಿ ಇದ್ದರೆ ಸಾಕು.

ಅರಿವೆ ಹತ್ತಿಯದೇ ಇರಲಿ. ಉಟ್ಟು ಮೆತ್ತಗಾದ ಸೀರೆ, ಧೋತರ, ಅಂಗಿ ಎಲ್ಲಕ್ಕೂ ಉತ್ತಮ. ನೈಲಾನ್, ಪಾಲಿಯೆಸ್ಟರ್ ಸೀರೆಗಳು ಸೂಜಿಯಡಿ ಜಾರುತ್ತವೆ, ಬೆವರು ಹೀರುವುದಿಲ್ಲ. ಮನೆಯಲ್ಲಿ ಹತ್ತಿಯ ಅರಿವೆ ಸಾಲದಿದ್ದರೆ ಟೇಲರ್ ಅಂಗಡಿಯಲ್ಲಿ ಕತ್ತರಿಸಿ ಬೀಳಿಸಿದ ಚೂರುಗಳನ್ನು ಕೇಳಿ ತನ್ನಿರಿ. ಹಳೆಯದಿರಲಿ, ಹೊಸದಿರಲಿ, ಹೊಲಿಯುವ ಮೊದಲು ಎಲ್ಲವನ್ನೂ ಬಿಸಿನೀರಲ್ಲಿ ಒಗೆಯಬೇಕು. ಹೊಸ ಅರಿವೆ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಹೊಲಿದ ಮೇಲೆ ಕುಗ್ಗಿದರೆ ಪಕ್ಕದ ತುಂಡನ್ನೂ ಎಳೆದು ಸುಕ್ಕು ಮಾಡುತ್ತದೆ. ಬಣ್ಣದ ಅರಿವೆಯನ್ನು, ಮುಖ್ಯವಾಗಿ ಕೆಂಪನ್ನು, ನೀರಲ್ಲಿ ನೆನೆಸಿ ಬಿಳಿ ಚಿಂದಿಯ ಮೇಲೆ ಒತ್ತಿ ನೋಡಿರಿ. ಬಣ್ಣ ಹತ್ತಿದರೆ ಅದನ್ನು ದೂರವಿಡಿರಿ. ಈ ಮಾತನ್ನು ನಾವು ಪೆಟ್ಟು ತಿಂದು ಕಲಿತೆವು. ಬೇರೊಂದು ಊರಿನ ನಮ್ಮ ಮೊದಲ ವರ್ಗದಲ್ಲಿ ಕೆಂಪು ಅಂಚಿನ ಆರು ಕೌದಿಗಳು ಮೊದಲ ಒಗೆತಕ್ಕೇ ಗುಲಾಬಿಯಾದವು. ಹೊಲಿದವರು ಅತ್ತರು. ನಾವು ಪರೀಕ್ಷಿಸದೆ ಅರಿವೆ ಹಂಚಿದ್ದೆವು, ತಪ್ಪು ನಮ್ಮದೇ.

ಇನ್ನು ಕತ್ತರಿಸುವ ವಿಷಯ. ರಟ್ಟಿನಿಂದ ೫ ಇಂಚಿನ ಚೌಕವೊಂದನ್ನು ಕತ್ತರಿಸಿ ಅಳತೆಗೆ ಇಟ್ಟುಕೊಳ್ಳಿರಿ. ಅದನ್ನು ಅರಿವೆಯ ಮೇಲಿಟ್ಟು ಗೆರೆ ಎಳೆದು ೪೮ ತುಂಡು ಮಾಡಿರಿ. ಎರಡು ತುಂಡುಗಳನ್ನು ಮುಖಕ್ಕೆ ಮುಖ ಹಚ್ಚಿ, ಅಂಚಿನಿಂದ ಕಾಲು ಇಂಚು ಒಳಗೆ ಹೊಲಿಯಿರಿ. ಎರಡೂ ಬದಿಗೆ ಕಾಲು ಕಾಲು ಇಂಚು ಹೋಗಿ ಪ್ರತಿ ತುಂಡೂ ನಾಲ್ಕೂವರೆ ಇಂಚು ಉಳಿಯುತ್ತದೆ. ಅಗಲಕ್ಕೆ ೬ ತುಂಡಿನಂತೆ ೮ ಪಟ್ಟಿ ಮಾಡಿ, ಪಟ್ಟಿಗೆ ಪಟ್ಟಿ ಸೇರಿಸಿದರೆ ೩೬ ಇಂಚು ಉದ್ದ, ೨೭ ಇಂಚು ಅಗಲದ ಮುಖ ಸಿದ್ಧವಾಯಿತು. ತುಂಡು ಜೋಡಿಸುವಾಗ ಹೊಲಿಗೆ ಸಣ್ಣದಿರಲಿ. ಹಿಂದೆ ಉಳಿದ ಅಂಚನ್ನು ಉಗುರಿನಿಂದ ಒಂದೇ ಕಡೆಗೆ ಮಡಿಸಿರಿ, ಇಸ್ತ್ರಿ ಇದ್ದರೆ ಒತ್ತಿರಿ.

ಬಣ್ಣ ಹೇಗೆ ಹೊಂದಿಸಬೇಕೆಂದು ಕೇಳುತ್ತೀರಿ. ಅದಕ್ಕೆ ಶಾಸ್ತ್ರವಿಲ್ಲ. ತುಂಡುಗಳನ್ನೆಲ್ಲ ನೆಲದ ಮೇಲೆ ಹರವಿ, ಎದ್ದು ನಿಂತು, ಸ್ವಲ್ಪ ದೂರದಿಂದ ನೋಡಿರಿ. ಕಡುಬಣ್ಣದ ಪಕ್ಕಕ್ಕೆ ತಿಳಿಬಣ್ಣ ಬಂದರೆ ಎರಡೂ ಎದ್ದು ಕಾಣುತ್ತವೆ.

ಆಮೇಲೆ ಹಾಸುವ ಕೆಲಸ. ಅಡಿಯ ಅರಿವೆ ಮುಖಕ್ಕಿಂತ ಎಲ್ಲ ಕಡೆಗೂ ಒಂದೊಂದು ಇಂಚು ದೊಡ್ಡದಿರಲಿ. ಕೊನೆಗೆ ಅದನ್ನೇ ಮೇಲೆ ಮಡಿಸಿ ಹೊಲಿದರೆ ಅಂಚಾಯಿತು. ಸಾರಿಸಿದ ನೆಲದ ಮೇಲೆ ಅದನ್ನು ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲು ಹೇರಿರಿ. ಅದರ ಮೇಲೆ ಹಳೆಯ ಅರಿವೆ ಎರಡು ಪದರ ಸಾಕು, ಕೂಸಿಗೆ ಹೆಚ್ಚು ಭಾರವಾಗಬಾರದು. ಮೇಲೆ ಮುಖ ಹಾಸಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ ಸುಕ್ಕು ತೆಗೆಯಿರಿ. ಆಮೇಲೆ ಗೇಣುದ್ದಕ್ಕೊಂದರಂತೆ ಕಚ್ಚಾ ಹೊಲಿಗೆ ಹಾಕಿರಿ, ಅದೂ ನಡುವಿನಿಂದ ಹೊರಕ್ಕೇ. ಬೇಗ ಮುಗಿಯಲೆಂದು ಕಚ್ಚಾ ಹೊಲಿಗೆ ಬಿಟ್ಟವಳ ಕೌದಿ ಒಂದು ಮೂಲೆಯಲ್ಲಿ ಉಬ್ಬಿ, ಇನ್ನೊಂದು ಮೂಲೆಯಲ್ಲಿ ಸೆಟೆದು ನಿಲ್ಲುತ್ತದೆ. ನಮ್ಮ ಮೊದಲ ಕೌದಿ ಹಾಗೇ ಆಗಿತ್ತು. ಅದರ ಮೇಲೆ ಕೂಸನ್ನು ಮಲಗಿಸಿದರೆ ಉರುಳಿ ಬೀಳುತ್ತದೆ ಎಂದು ನಮ್ಮ ತಾಯಿ ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು.

ದಾರ ದಪ್ಪ ಹತ್ತಿಯದು. ಉದ್ದ ಒಂದು ಮೊಳದಿಂದ ಎರಡು ಮೊಳ. ಅದಕ್ಕಿಂತ ಉದ್ದವಾದರೆ ಗಂಟು ಬೀಳುತ್ತದೆ, ಎಳೆದೆಳೆದು ಸವೆಯುತ್ತದೆ. ಆರಂಭದ ಗಂಟನ್ನು ಪದರಗಳ ನಡುವೆ ಅಡಗಿಸಿರಿ. ಸಾಲಿಗೂ ಸಾಲಿಗೂ ಒಂದು ಇಂಚು ಅಂತರವಿರಲಿ, ಇಂಚಿಗೆ ಮೂರು ಹೊಲಿಗೆ ಬರಲಿ. ಕೈ ಕುದುರಿದ ಮೇಲೆ ಇನ್ನೂ ಹತ್ತಿರ ಹೊಲಿಯಬಹುದು. ಸಣ್ಣ ಹೊಲಿಗೆಗಿಂತ ಸಮವಾದ ಹೊಲಿಗೆ ಮೇಲು. ದಾರವನ್ನು ಬಿಗಿಯಾಗಿ ಜಗ್ಗಬೇಡಿರಿ. ಅರಿವೆಗೆ ಉಸಿರಾಡಲು ಅಷ್ಟು ಸಡಿಲ ಬೇಕು. ಬೆರಳಿಗೆ ಸೂಜಿ ಚುಚ್ಚದಂತೆ ದರ್ಜಿಗಳು ಹಾಕುವ ಲೋಹದ ಟೊಪ್ಪಿಗೆ ಹಾಕಿಕೊಳ್ಳಿರಿ, ಇಲ್ಲವೇ ಒಂದು ಚಿಂದಿ ಸುತ್ತಿಕೊಳ್ಳಿರಿ. ಮುಸ್ಸಂಜೆಯ ಬೆಳಕಲ್ಲಿ ಹೊಲಿಯಬೇಡಿರಿ. ನಮ್ಮ ತಾಯಿ ಹೊಲಿದು ಹೊಲಿದು ಕಣ್ಣು ಕಳೆದುಕೊಂಡಳು. ಕೌದಿಯ ಬೆಲೆಯಲ್ಲಿ ಕಣ್ಣಿನ ಬೆಲೆಯನ್ನು ಯಾರೂ ಸೇರಿಸಲಿಲ್ಲ.

ಉಳಿದ ಚೂರುಗಳನ್ನು ಎಸೆಯಬೇಡಿರಿ. ಕೂಸಿಗೆ ಕುಲಾವಿ, ಕುಂಚಿಗೆ, ಅಜ್ಜಿಗೆ ಎಲೆಯಡಿಕೆಯ ಸಂಚಿ, ಮಕ್ಕಳಿಗೆ ಪಾಟೀಚೀಲ, ಸಂತೆಗೆ ಕೈಚೀಲ, ದಿಂಬಿಗೆ ಗವಸು, ಹೀಗೆ ನಾಲ್ಕು ಬೆರಳಗಲದ ಚೂರಿಗೂ ಕೆಲಸವಿದೆ. ಹೊಸಬರಿಗೆ ಸಂಚಿ ಒಳ್ಳೆಯ ಪಾಠ. ತುಂಡು ಜೋಡಿಸುವುದು, ಪದರ ಹೊಲಿಯುವುದು, ಅಂಚು ಕಟ್ಟುವುದು ಮೂರೂ ಅದರಲ್ಲಿ ಬರುತ್ತವೆ, ಎರಡು ದಿನದಲ್ಲಿ ಮುಗಿಯುತ್ತದೆ.

ಇದಿಷ್ಟು ನಮ್ಮ ಬಯಲುನಾಡಿನ ಒಂದು ರೀತಿ. ಘಟ್ಟದ ಮೇಲೆ, ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಕಾಡಿನಂಚಿನಲ್ಲಿ ಸಿದ್ದಿ ಜನರ ಹೆಂಗಸರು ಇದನ್ನೇ ಬೇರೆ ರೀತಿಯಲ್ಲಿ ಮಾಡುತ್ತಾರೆ. ಸಿದ್ದಿಗಳ ಪೂರ್ವಜರು ಆಫ್ರಿಕೆಯವರು. ಅವರಲ್ಲಿ ಅನೇಕರನ್ನು ಪೋರ್ಚುಗೀಜರು ಗುಲಾಮರನ್ನಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ನಮ್ಮ ಕಾಡುಗಳನ್ನು ಸೇರಿದರು. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡವೆಂದು ಸರಕಾರ ಒಪ್ಪಿದ್ದು ೨೦೦೩ರಲ್ಲಿ, ಸ್ವಾತಂತ್ರ್ಯ ಬಂದು ಐವತ್ತೈದು ವರ್ಷಗಳಾದ ಮೇಲೆ. ಅವರ ಕೌದಿಗೆ ಕವಂದಿ ಎಂದು ಹೆಸರು. ಅವರು ಮುಖವನ್ನು ಮೊದಲೇ ಜೋಡಿಸಿಕೊಳ್ಳುವುದಿಲ್ಲ. ಒಂದು ಮೂಲೆಯಿಂದ ಆರಂಭಿಸಿ, ಅಂಚನ್ನು ಹಿಡಿದು ಸುತ್ತುತ್ತ, ತುಂಡಿನ ಮೇಲೆ ತುಂಡು ಇಟ್ಟು, ಅಂಚು ಮಡಿಸಿ, ಹೊಲಿಯುತ್ತ ಹೊಲಿಯುತ್ತ ನಡುವಿಗೆ ಬಂದು ಮುಟ್ಟುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಮಡಿಸಿದ ಮುಕ್ಕೋಣದ ತುಂಡು ಹಚ್ಚುತ್ತಾರೆ. ಅದಕ್ಕೆ ಅವರು ಹೂವು ಎಂಬರ್ಥದಲ್ಲಿ ಫೂಲ ಎನ್ನುತ್ತಾರೆ. ಫೂಲ ಇಲ್ಲದ ಕವಂದಿ ಬೆತ್ತಲೆ ಎಂಬುದು ಅವರ ಮಾತು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರು ಮತಗಳ ಸಿದ್ದಿ ಹೆಂಗಸರೂ ಇದನ್ನು ಹೊಲಿಯುತ್ತಾರೆ. ೨೦೧೧ರಲ್ಲಿ ಅವರ ಕವಂದಿಗಳ ಪ್ರದರ್ಶನ ಅಮೆರಿಕೆಯ ನ್ಯೂಯಾರ್ಕ್ ನಗರದಲ್ಲಿ ನಡೆಯಿತು. ಕಾಡಿನ ಗುಡಿಸಲಿನಲ್ಲಿ ಹರಕು ಅರಿವೆಯಿಂದ ಹೊಲಿದದ್ದನ್ನು ಅಲ್ಲಿಯ ಜನ ಗೋಡೆಗೆ ತೂಗು ಹಾಕಿ ನೋಡಿದರು. ಹರಕು ಅರಿವೆಯ ಕೆಲಸವೆಂದು ನಾವು ಕೌದಿಯನ್ನು ಕೀಳಾಗಿ ಕಾಣುವುದಕ್ಕೆ ಆಧಾರವಿಲ್ಲ.

ಈಗ ಲೆಕ್ಕಕ್ಕೆ ಬರೋಣ.

ಹಾಸಿಗೆಯ ಕೌದಿ ಒಂದು, ಉದ್ದ ೬ ಅಡಿ, ಅಗಲ ೪ ಅಡಿ ಎಂದು ಇಟ್ಟುಕೊಳ್ಳಿರಿ. ಅಗಲ ೪ ಅಡಿ ಎಂದರೆ ೪೮ ಇಂಚು. ಇಂಚಿಗೊಂದು ಸಾಲಿನಂತೆ ಎರಡು ಅಂಚುಗಳ ನಡುವೆ ೪೭ ಸಾಲು. ಒಂದು ಸಾಲಿನ ಉದ್ದ ೭೨ ಇಂಚು, ಇಂಚಿಗೆ ಮೂರು ಹೊಲಿಗೆಯಂತೆ ೨೧೬ ಹೊಲಿಗೆ. ಇದನ್ನು ೪೭ರಿಂದ ಗುಣಿಸಿದರೆ ೧೦,೧೫೨. ಹತ್ತು ಸಾವಿರದ ಮೇಲೆ ಹೊಲಿಗೆ! ಒಬ್ಬ ಹೆಂಗಸು ಒಂದು ಕೌದಿಗಾಗಿ ಅಷ್ಟು ಸಲ ಸೂಜಿ ಚುಚ್ಚುತ್ತಾಳೆ.

ನಮ್ಮ ವರ್ಗದಲ್ಲಿ ಗಡಿಯಾರ ಇಟ್ಟು ನೋಡಿದೆವು. ಕೈ ಕುದುರಿದವರಿಗೆ ಒಂದು ಸಾಲಿಗೆ ಅರ್ಧ ಗಂಟೆ ಹಿಡಿಯಿತು. ೪೭ ಸಾಲಿಗೆ ಇಪ್ಪತ್ತಮೂರೂವರೆ ಗಂಟೆ. ಅಂಚಿನ ೨೦ ಅಡಿಗೆ ಸುಮಾರು ಒಂದೂವರೆ ಗಂಟೆ. ತುಂಡು ಕತ್ತರಿಸಿ ಮುಖ ಜೋಡಿಸಲು ೧೦ ಗಂಟೆ. ಅರಿವೆ ಒಗೆದು, ಆರಿಸಿ, ಹಾಸಿ, ಕಚ್ಚಾ ಹೊಲಿಗೆ ಹಾಕಲು ೫ ಗಂಟೆ. ಎಲ್ಲ ಕೂಡಿ ೪೦ ಗಂಟೆ. ದಿನಕ್ಕೆ ೮ ಗಂಟೆಯ ಲೆಕ್ಕದಲ್ಲಿ ೫ ದಿನಗಳ ಪೂರಾ ಕೆಲಸ.

ಇದಕ್ಕೆ ಬಂದ ಕೂಲಿ ಎಷ್ಟು? ಆ ಊರಿಗೆ ಪೇಟೆಯಿಂದ ಒಬ್ಬ ವ್ಯಾಪಾರಿ ಬರುತ್ತಿದ್ದ. ಕೌದಿಯೊಂದಕ್ಕೆ ೫೦೦ ರೂಪಾಯಿ ಕೊಡುತ್ತಿದ್ದ. ಐದು ದಿನಕ್ಕೆ ಹಂಚಿದರೆ ದಿನಕ್ಕೆ ೧೦೦ ರೂಪಾಯಿ, ದಾರದ ಖರ್ಚೂ ಅದರಲ್ಲೇ. ೨೦೨೫-೨೬ನೆಯ ಸಾಲಿಗೆ ಉದ್ಯೋಗ ಖಾತ್ರಿ ಯೋಜನೆಯಡಿ ನಮ್ಮ ರಾಜ್ಯಕ್ಕೆ ಗೊತ್ತುಪಡಿಸಿದ ದಿನಗೂಲಿ ೩೭೦ ರೂಪಾಯಿ. ಎಂದರೆ ಮಣ್ಣು ಹೊರುವ ಕೆಲಸಕ್ಕೆ ಐದು ದಿನಕ್ಕೆ ೧,೮೫೦, ಹತ್ತು ಸಾವಿರ ಹೊಲಿಗೆಯ ಕುಶಲ ಕೆಲಸಕ್ಕೆ ೫೦೦. ಮಣ್ಣು ಹೊರುವವರಿಗೆ ಹೆಚ್ಚಾಯಿತೆಂದು ನಾವು ಹೇಳುತ್ತಿಲ್ಲ, ಅವರಿಗೂ ಸಾಲದು. ಕೌದಿಯವಳಿಗೆ ಅದರ ಮೂರರಲ್ಲೊಂದು ಪಾಲೂ ಸಿಗುತ್ತಿಲ್ಲ ಎಂಬುದು ನಮ್ಮ ಮಾತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಒಂದು ಸಲ ಆ ವ್ಯಾಪಾರಿ ೩೦ ಕೌದಿ ಒಯ್ದ. ೧೧ ಕೌದಿಯಲ್ಲಿ ಹೊಲಿಗೆ ಸಮವಾಗಿಲ್ಲ ಎಂದು ಹೇಳಿ ಅವುಗಳ ಹಣ ಹಿಡಿದ. ಕೌದಿಗಳನ್ನೂ ಹಿಂದಕ್ಕೆ ಕೊಡಲಿಲ್ಲ. ಮೂರು ತಿಂಗಳ ಮೇಲೆ ನಮ್ಮ ಕಾರ್ಯಕರ್ತರೊಬ್ಬರು ಬೆಂಗಳೂರಿನ ಒಂದು ಅಂಗಡಿಯಲ್ಲಿ, ಸಮವಾಗಿಲ್ಲವೆಂದು ಹೇಳಿದ ಅದೇ ಕೌದಿಯೊಂದನ್ನು ಕಂಡರು. ಅಂಚಿನಲ್ಲಿ ನಮ್ಮ ಹುಡುಗಿಯೊಬ್ಬಳು ಹಾಕಿದ ಹಕ್ಕಿಯ ಗುರುತಿತ್ತು. ಬೆಲೆಯ ಚೀಟಿಯಲ್ಲಿ ೩,೨೦೦ ರೂಪಾಯಿ ಎಂದಿತ್ತು. ಹೊಲಿದವಳ ಹೆಸರು ಇರಲಿಲ್ಲ.

ನಾವು ಹೋಗಿ ಆ ವ್ಯಾಪಾರಿಯನ್ನು ಕೇಳಿದೆವು. ಅವನು ಸಿಟ್ಟಾಗಲಿಲ್ಲ, ಚಹ ಕುಡಿಸಿದ. "ಮಾಸ್ತರ, ಇವರು ಮನ್ಯಾಗ ಕುಂತು ಬಿಡುವಿನ್ಯಾಗ ಮಾಡೂ ಕೆಲಸ ಇದು. ಇಲ್ಲಂದ್ರ ಸುಮ್ನ ಕುಂತಿರತಿದ್ರು. ನಾ ಕೊಡೂದು ಮ್ಯಾಲಿನ ರೊಕ್ಕರಿ" ಎಂದ.

ಬಿಡುವಿನ ಕೆಲಸ! ಈ ಎರಡು ಶಬ್ದಗಳಲ್ಲಿ ಇಡೀ ಶೋಷಣೆ ಅಡಗಿದೆ. ನಸುಕಿನಲ್ಲಿ ಎದ್ದು ಕಸ ಹೊಡೆದು, ನೀರು ತಂದು, ರೊಟ್ಟಿ ಬಡಿದು, ಹೊಲಕ್ಕೆ ಹೋಗಿ ಬಂದು, ಮತ್ತೆ ಒಲೆಯ ಮುಂದೆ ಕೂಡ್ರುವ ಹೆಂಗಸಿಗೆ ಬಿಡುವು ಎಲ್ಲಿಯದು? ಆಕೆ ಕೌದಿ ಹೊಲಿಯುವುದು ನಿದ್ದೆಯಿಂದ ಕದ್ದ ವೇಳೆಯಲ್ಲಿ. ಪೇಟೆಯಲ್ಲಿ ಗಂಡಸು ಯಂತ್ರದ ಮುಂದೆ ಕುಳಿತು ಹೊಲಿದರೆ ಅದು ಉದ್ಯೋಗ. ಅವನ ಅಂಗಡಿಗೆ ಹಲಗೆ, ಕೆಲಸಕ್ಕೆ ದರಪಟ್ಟಿ. ಹಳ್ಳಿಯಲ್ಲಿ ಹೆಂಗಸು ಕೈಯಿಂದ ಹೊಲಿದರೆ ಅದು ಬಿಡುವಿನ ಕೆಲಸ. ಸೂಜಿ ಎರಡೂ ಕಡೆ ಒಂದೇ, ದಾರವೂ ಒಂದೇ, ಬೆಲೆ ಮಾತ್ರ ಬೇರೆ.

ಮನೆಯಲ್ಲಿ ಕುಳಿತು ಪರರಿಗಾಗಿ ಮಾಡುವ ಕೆಲಸವೂ ಕೆಲಸವೇ, ಅವರಿಗೂ ಉಳಿದ ಕಾರ್ಮಿಕರಂತೆ ಹಕ್ಕುಗಳಿರಬೇಕು ಎಂದು ೧೯೯೬ರಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಂದು ಒಪ್ಪಂದವನ್ನು ಅಂಗೀಕರಿಸಿತು. ಭಾರತ ಸರಕಾರ ಅದನ್ನು ಅನುಮೋದಿಸಿಲ್ಲ. ಕಾಗದದ ಮೇಲೂ ಸಿಗದ ಹಕ್ಕನ್ನು ಅಂಗಳದಲ್ಲಿ ಪಡೆಯುವುದು ಹೇಗೆ?

ದಾರಿ ಇದೆ. ನಡೆದವರೂ ಇದ್ದಾರೆ.

ಅಹಮದಾಬಾದಿನ ಗಿರಣಿಗಳಿಂದ ಬಿದ್ದ ಚಿಂದಿಯನ್ನು ಜೋಡಿಸಿ ರಜಾಯಿಯ ಗವಸು ಹೊಲಿಯುವ ಬಡ ಹೆಂಗಸರಿದ್ದರು, ಹೆಚ್ಚಿನವರು ಮುಸ್ಲಿಂ ಮನೆತನದವರು. ಚಿಂದಿ ಕೊಡುವವನೂ ವ್ಯಾಪಾರಿ, ಹೊಲಿದದ್ದನ್ನು ಒಯ್ಯುವವನೂ ವ್ಯಾಪಾರಿ, ದರ ಕಟ್ಟುವವನೂ ಅವನೇ. ೧೯೭೨ರಲ್ಲಿ ಇಳಾ ಭಟ್ಟರು ಕಟ್ಟಿದ ಸೇವಾ ಎಂಬ ದುಡಿಯುವ ಹೆಂಗಸರ ಸಂಘವನ್ನು ಇವರು ಮುಂದೆ ಸೇರಿಕೊಂಡರು. ದರ ಹೆಚ್ಚಿಸಿರಿ ಎಂದು ಕೇಳಿದರು. ಕೇಳಿದ್ದಕ್ಕೆ ಕೆಲಸವೇ ನಿಂತಿತು. ಆಗ ಅವರು ತಮ್ಮದೇ ಸಹಕಾರಿ ಸಂಘ ಮಾಡಿ, ತಾವೇ ಚಿಂದಿ ಕೊಂಡು, ತಾವೇ ಹೊಲಿದು, ತಾವೇ ಮಾರಿದರು. ಸಬೀನಾ ಎಂಬುದು ಆ ಸಂಘದ ಹೆಸರು.

ಸಮುದ್ರದಾಚೆಯ ಸಂಗತಿಯನ್ನೂ ಕೇಳಿರಿ. ಅಮೆರಿಕೆಯ ಅಲಬಾಮಾ ಪ್ರಾಂತದ ವಿಲ್ಕಾಕ್ಸ್ ಎಂಬ ಜಿಲ್ಲೆಯಲ್ಲಿ ಕಪ್ಪು ಜನರ ಹೆಂಗಸರು ಹಳೆಯ ಅರಿವೆಗಳಿಂದ ನಮ್ಮಂತೆಯೇ ಕೌದಿ ಹೊಲಿಯುತ್ತಿದ್ದರು. ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಿದ ತಪ್ಪಿಗೆ ಅಲ್ಲಿ ಅನೇಕ ಕುಟುಂಬಗಳು ಗೇಣಿಯ ಭೂಮಿಯನ್ನೂ ಮನೆಯನ್ನೂ ಕಳೆದುಕೊಂಡವು. ಅಂಥ ಕಾಲದಲ್ಲಿ, ೧೯೬೬ರಲ್ಲಿ, ಆ ಹೆಂಗಸರು ಕೂಡಿ ಸ್ವಾತಂತ್ರ್ಯದ ಹೆಸರಿಟ್ಟು ಕೌದಿಯ ಸಹಕಾರಿ ಸಂಘ ಕಟ್ಟಿದರು. ಕೌದಿಗಳನ್ನು ನ್ಯೂಯಾರ್ಕಿಗೆ ಕಳಿಸಿ ಮಾರಿದರು. ಬಂದ ಹಣದಿಂದ ಜಮೀನು ಕೊಂಡು ಹೊಲಿಗೆಮನೆ ಕಟ್ಟಿದರು. ಒಕ್ಕಲೆಬ್ಬಿಸಿದ ಕುಟುಂಬಗಳಿಗೆ ಮನೆ ಕಟ್ಟಿಕೊಳ್ಳಲು ಆ ಜಮೀನಿನಲ್ಲೇ ನಿವೇಶನ ಮಾರಿದರು. ಅದೇ ಜಿಲ್ಲೆಯ ಕಪ್ಪು ಹೆಂಗಸರ ಕೌದಿಗಳ ಚಿತ್ರವನ್ನು ೨೦೦೬ರಲ್ಲಿ ಅಮೆರಿಕೆಯ ಅಂಚೆಚೀಟಿಗಳ ಮೇಲೆ ಮುದ್ರಿಸಿದರು. ಓಟು ಹಾಕಲು ಬಿಡದ ಜನರ ಕೈಕೆಲಸ ಸರಕಾರದ ಅಂಚೆಯ ಮೇಲೆ ಬಂದಿತು.

ಇಷ್ಟು ದೂರವಾದರೂ ಏಕೆ? ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ಧನಗೌಡ ಪಾಟೀಲರು ರೈತರನ್ನು ಕೂಡಿಸಿ ಕಟ್ಟಿದ ಸಂಘದಿಂದಲೇ ನಾಡಿನ ಸಹಕಾರಿ ಚಳವಳಿಯ ಕಥೆ ಶುರುವಾಗುತ್ತದೆ. ಮಂಗಳೂರಲ್ಲಿ ೧೯೦೩ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಕಾಂಗ್ರೆಸ್ ಸಮಾಜವಾದಿ ಪಕ್ಷದ ಮುಂದಾಳು. ಸ್ವಾತಂತ್ರ್ಯ ಬಂದ ಮೇಲೆ ಅವರು ಅಧಿಕಾರದ ಕುರ್ಚಿ ಹುಡುಕಲಿಲ್ಲ. ನಿರಾಶ್ರಿತರ ಸಹಕಾರಿ ಸಂಘಗಳನ್ನು ಕಟ್ಟಿದರು. ೧೯೫೨ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತು, ಕೈಕೆಲಸದವರನ್ನು ಹುಡುಕಿಕೊಂಡು ದೇಶವೆಲ್ಲ ತಿರುಗಿದರು. ಆ ಮಂಡಳಿಯನ್ನು ೨೦೨೦ರಲ್ಲಿ ಕೇಂದ್ರ ಸರಕಾರ ರದ್ದು ಮಾಡಿತು. ಮೇಲಿನ ಮಂಡಳಿ ಹೋದಾಗ ಕೆಳಗಿನ ಸಂಘ ಗಟ್ಟಿಯಾಗಬೇಕು. ಇಲ್ಲವಾದರೆ ಕೈಕೆಲಸದವರ ಪರವಾಗಿ ಮಾತಾಡುವವರು ಯಾರು?

ಈ ಮಾತುಗಳನ್ನು ನಾವು ಆ ಊರಿನಲ್ಲಿ ಹೇಳಿದಾಗ ಒಬ್ಬ ಮುದುಕಿ ಎದ್ದು ಕೇಳಿದಳು: "ಎಪ್ಪಾ, ನಿನ್ನ ಲೆಕ್ಕ ಬರೋಬ್ಬರಿ ಐತಿ. ಆದರ ಎರಡು ಸಾವಿರಕ್ಕ ನಮ್ಮ ಕೌದಿ ಯಾರ ತಗೋತಾರ? ಆ ಐನೂರೂ ಹೋದರ ನೀ ತಂದ ಕೊಡತೀಯೇನ?"

ಆ ಪ್ರಶ್ನೆಗೆ ಘೋಷಣೆಯಿಂದ ಉತ್ತರ ಕೊಡಲು ಬರುವುದಿಲ್ಲ. ನಾವು ಅಂದು ತಡವರಿಸಿದೆವು. ಆ ಮೇಲೆ ಒಂದೂವರೆ ವರ್ಷದಲ್ಲಿ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ೨೨ ಹೆಂಗಸರು ಕೂಡಿ ಇಷ್ಟಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂದು ಗೊತ್ತುಮಾಡಿದರು. ಕೂಲಿ ೧,೮೫೦, ದಾರ ಮತ್ತು ಸಾಗಣೆ ೧೫೦, ಸಂಘದ ನಿಧಿಗೆ ೨೦೦, ಒಟ್ಟು ೨,೨೦೦. ವ್ಯಾಪಾರಿ ಬರುವುದನ್ನು ಬಿಟ್ಟ. ನಾಲ್ಕು ತಿಂಗಳು ಒಂದೂ ಕೌದಿ ಮಾರಲಿಲ್ಲ. ಆರು ಜನ ಸಂಘ ಬಿಟ್ಟು ರಾತ್ರಿ ಹೋಗಿ ಅವನಿಗೇ ಕೊಟ್ಟು ಬಂದರು. ಅವರನ್ನು ನಾವು ಬೈಯುವುದಿಲ್ಲ. ಅವರ ಮನೆಯಲ್ಲಿ ಹಿಟ್ಟು ಮುಗಿದಿತ್ತು. ಸಂಘಕ್ಕೆ ಅಂಥ ದಿನಕ್ಕೆಂದು ನಿಧಿ ಇರಲಿಲ್ಲ. ಅದು ಸಂಘಟಕರಾದ ನಮ್ಮ ದೋಷ.

ಐದನೆಯ ತಿಂಗಳು ಧಾರವಾಡದ ಒಂದು ಮೇಳದಲ್ಲಿ ೯ ಕೌದಿ ಮಾರಿದವು. ತೊಟ್ಟಿಲ ಕೌದಿ, ಸಂಚಿ, ಕೈಚೀಲ ಅದಕ್ಕಿಂತ ಬೇಗ ಖರ್ಚಾದವು. ಅವುಗಳ ಬೆಲೆ ಕಡಿಮೆ, ಕೊಳ್ಳುವವರು ಹೆಚ್ಚು. ಬಿಟ್ಟುಹೋದ ಆರು ಜನರಲ್ಲಿ ನಾಲ್ವರು ಮರಳಿ ಬಂದರು. ಈಗ ಸಂಘ ದೊಡ್ಡದೇನೂ ಅಲ್ಲ. ಎಲ್ಲ ತಿಂಗಳೂ ಎಲ್ಲರಿಗೂ ಕೆಲಸವಿಲ್ಲ. ಆದರೆ ಐನೂರಕ್ಕೆ ಕೌದಿ ಕೊಡುವ ಮನೆ ಆ ಓಣಿಯಲ್ಲಿ ಉಳಿದಿಲ್ಲ. ಪ್ರಶ್ನೆ ಕೇಳಿದ ಮುದುಕಿಯೇ ಈಗ ಆ ಸಂಘದ ಖಜಾಂಚಿ.

ಇದರಿಂದ ನಾವು ಕಲಿತದ್ದು ಇಷ್ಟು. ಪಾಣಿಪತ್ತದ ಗಿರಣಿಯ ರಗ್ಗಿನೊಂದಿಗೆ ಬೆಲೆಯಲ್ಲಿ ಸ್ಪರ್ಧೆ ಮಾಡಕೂಡದು, ಸೋಲುತ್ತೇವೆ. ಬರೀ ದೊಡ್ಡ ಕೌದಿಯನ್ನೇ ನಂಬಬಾರದು, ಸಣ್ಣ ಸಾಮಾನೂ ಜೊತೆಗಿರಬೇಕು. ನಿಧಿ ಇಲ್ಲದೆ ಹೋರಾಟಕ್ಕೆ ಇಳಿಯಕೂಡದು. ಎಲ್ಲಕ್ಕೂ ಮೊದಲು ಕೆಲಸ ಚೊಕ್ಕವಾಗಿರಬೇಕು. ಬಣ್ಣ ಬಿಡುವ ಕೌದಿಗೆ ನ್ಯಾಯವಾದ ಬೆಲೆ ಕೇಳಲು ನಮಗೆ ಬಾಯಿಲ್ಲ. ಆದ್ದರಿಂದಲೇ ಇಂದು ಅರ್ಧ ಭಾಷಣವನ್ನು ಸೂಜಿ ದಾರಕ್ಕೆ ಕೊಟ್ಟೆವು.

ಇನ್ನೊಂದು ಮಾತು. ಎಲ್ಲ ಕೌದಿಯೂ ಮಾರಾಟಕ್ಕಲ್ಲ. ಮಗಳ ಬಾಣಂತನಕ್ಕೆಂದು ಅಜ್ಜಿಯ ಸೀರೆಯಿಂದ ಹೊಲಿದದ್ದನ್ನು ಮಾರಿರೆಂದು ನಾವು ಹೇಳುವವರಲ್ಲ. ಅದಕ್ಕೆ ಬೆಲೆ ಕಟ್ಟುವ ಅಧಿಕಾರ ಯಾರಿಗೂ ಇಲ್ಲ. ಮಾರುವುದಕ್ಕೆಂದು ಹೊಲಿದದ್ದನ್ನು ಮಾತ್ರ ಲೆಕ್ಕವಿಲ್ಲದೆ ಮಾರಬೇಡಿರಿ.

ಇನ್ನು ನೋಟುಬುಕ್ಕು. ಇದರ ಮೊದಲ ಪುಟದಲ್ಲಿ ಐದು ಕಾಲಮು ಗೆರೆ ಎಳೆದು ತಂದಿದ್ದೇವೆ. ಹೊಲಿದವಳ ಹೆಸರು, ಸಾಮಾನು, ಹಿಡಿದ ಗಂಟೆ, ದಾರದ ಖರ್ಚು, ಬಂದ ಹಣ. ಇಂದಿನಿಂದ ಈ ವರ್ಗದಲ್ಲಿ ಹೊಲಿದ ಸಂಚಿಯೊಂದೂ ಈ ಪುಸ್ತಕದಲ್ಲಿ ಬರೆಯದೆ ಬಾಗಿಲು ದಾಟಬಾರದು. ಬರೆಯಲು ಬಾರದವರ ಲೆಕ್ಕವನ್ನು ಹಿಂದಿನ ಸಾಲಿನ ಹುಡುಗಿಯರು ಬರೆಯಲಿ. ಹೊಲಿಯಲು ಬ��ರದ ಹುಡುಗಿಯರಿಗೆ ಹಿರಿಯರು ಹೊಲಿಗೆ ಕಲಿಸಲಿ. ಒಬ್ಬರು ಅಕ್ಷರ ಕೊಡಿರಿ, ಒಬ್ಬರು ಹೊಲಿಗೆ ಕೊಡಿರಿ. ವ್ಯಾಪಾರಿ ಬೇಡವೆಂದ ಸಾಮಾನು ವ್ಯಾಪಾರಿಯ ಹತ್ತಿರ ಉಳಿಯಕೂಡದು, ಮರಳಿ ಬರಬೇಕು. ಪ್ರತಿ ಕೌದಿಯ ಮೂಲೆಯಲ್ಲಿ ಹೊಲಿದವಳು ತನ್ನ ಗುರುತು ಹಾಕಬೇಕು, ಹಕ್ಕಿಯೋ ಹೂವೋ, ಬಂದರೆ ಹೆಸರೇ ಆಗಲಿ.

ಬಾಗಿಲ ಹೊರಗಿನ ಅಣ್ಣತಮ್ಮಂದಿರಿಗೂ ಒಂದು ಕೆಲಸವಿದೆ. ವಾರಕ್ಕೆ ಮೂರು ದಿನ ಮಧ್ಯಾಹ್ನ ಎರಡರಿಂದ ಐದರವರೆಗೆ ಈ ವರ್ಗ ನಡೆಯುತ್ತದೆ. ಆ ಹೊತ್ತಿನಲ್ಲಿ ನೀರು ತರುವುದು, ಕೂಸು ನೋಡುವುದು, ದನಕ್ಕೆ ಮೇವು ಹಾಕುವುದು ನಿಮ್ಮದು. ಆಗ ಮಾತ್ರ ನಿಮ್ಮ ಮನೆಯ ಹೆಂಗಸಿಗೆ ನಿಜವಾದ ಬಿಡುವು ಸಿಗುತ್ತದೆ.

ನಮ್ಮ ತಾಯಿ ಹೊಲಿದ ಕೊನೆಯ ಕೌದಿ ನಮ್ಮ ಮನೆಯಲ್ಲಿದೆ. ಈ ಭಾಷಣ ಸಿದ್ಧಮಾಡುವಾಗ ಅದನ್ನು ಹರವಿ ಸಾಲುಗಳನ್ನು ಎಣಿಸಿದೆವು. ಸಾಲಿಗೂ ಸಾಲಿಗೂ ಅರ್ಧ ಇಂಚು, ಒಟ್ಟು ೯೫ ಸಾಲು. ನಾವು ಹೇಳಿದ ಲೆಕ್ಕದ ಎರಡು ಪಟ್ಟು ಕೆಲಸ. ಅದಕ್ಕೆ ಆಕೆಗೆ ಬಂದದ್ದು ನಾಲ್ಕು ಸೇರು ಜೋಳ ಕೂಡ ಅಲ್ಲ, ಏಕೆಂದರೆ ಅದು ನಮಗಾಗಿ ಹೊಲಿದದ್ದು. ಆಕೆಯ ಲೆಕ್ಕವನ್ನು ಇನ್ನು ತೀರಿಸಲಾಗದು. ನಿಮ್ಮ ಲೆಕ್ಕವನ್ನು ಇಂದಿನಿಂದ ಬರೆಯಬಹುದು.

ಸೂಜಿಗಳು ಈ ಪೊಟ್ಟಣದಲ್ಲಿವೆ. ಹಿರಿಯರೊಬ್ಬರು ಮುಂದೆ ಬಂದು ಮೊದಲ ದಾರ ಪೋಣಿಸಲಿ. ಹುಡುಗಿಯರಲ್ಲಿ ಒಬ್ಬಳು ಈ ಪುಸ್ತಕ ತೆಗೆದುಕೊಂಡು ಇಂದಿನ ತಾರೀಖು ಬರೆಯಲಿ. ಅದೇ ಉದ್ಘಾಟನೆ.